ಕೆಟ್ಟವರಿಲ್ಲದ ಚಿತ್ರ

ಕಳೆದ ದೀಪಾವಳಿಗೆ ಉಗಾರ ಬುದ್ರುಕದಿಂದ ನಮ್ಮ ಅತ್ತೆ ಚಿಕ್ಕೋಡಿಯ ನಮ್ಮ ಮನೆಗೆ ಬಂದಿದ್ದರು. ಕಾಲೇಜಿಗೆ ಹೋಗುವ ನನ್ನ ಮಗಳು ಒಂದು ಮಧ್ಯಾಹ್ನ ಅಜ್ಜಿಯನ್ನು ಟಿವಿ ಮುಂದೆ ಕೂರಿಸಿ ಎರಡು ಕಾರ್ಟೂನ್ ಚಿತ್ರ ತೋರಿಸಿದಳು. ಮಾತುಗಳನ್ನು ತಾನೇ ಕನ್ನಡದಲ್ಲಿ ಹೇಳುತ್ತ ಹೋದಳು.

ಮೊದಲನೆಯದು ಅಮೆರಿಕದ್ದು. ದಾರಿ ತಪ್ಪಿದ ಕರಡಿಮರಿ ಹಾಡುತ್ತ ಕುಣಿಯುತ್ತ ಮನೆ ಸೇರಿತು, ಅದನ್ನು ಕಾಡಿದ ನರಿ ಹಳ್ಳಕ್ಕೆ ಬಿತ್ತು. ಅತ್ತೆ ಚಪ್ಪಾಳೆ ತಟ್ಟಿ ನಕ್ಕರು. ಎರಡನೆಯದು ಜಪಾನಿನದು. ಒಬ್ಬ ಹುಡುಗಿ, ಅವಳ ಮಲತಾಯಿ, ಅಷ್ಟೇ. ಮಲತಾಯಿ ಹುಡುಗಿಯ ಕೆಸರಾದ ಬೂಟು ತೊಳೆದು ಬಿಸಿಲಿಗೆ ಇಡುವುದನ್ನೇ ಎಷ್ಟೋ ಹೊತ್ತು ತೋರಿಸಿದರು. ನನಗೆ ಆಕಳಿಕೆ ಬಂತು.

“ಇದರಾಗ ಕೆಟ್ಟಾಕಿ ಯಾರವಾ? ಇಕೀನ ಏನು?” ಎಂದು ಅತ್ತೆ ಕೇಳಿದರು.

“ಇದರಾಗ ಯಾರೂ ಕೆಟ್ಟವರಿಲ್ಲ ಆಯಿ,” ಎಂದಳು ಮಗಳು.

ಚಿತ್ರ ಮುಗಿದ ಮೇಲೆ ಅತ್ತೆ ಮೆಲ್ಲಗೆ, “ನಮ್ಮ ಚಿಕ್ಕವ್ವನೂ ನನ್ನ ಲಂಗಾ ಒಗದು ಹಿಂಗ ಬಿಸಲಿಗೆ ಹಾಕ್ತಿದ್ಲು,” ಎಂದರು.

ನಾನು ತಬ್ಬಿಬ್ಬಾದೆ. ಆ ಚಿಕ್ಕವ್ವ ಅವರ ಮಲತಾಯಿ. ಊಟ ಕೊಡದೆ ಹೊಡೆಯುತ್ತಿದ್ದಳೆಂದು ಇಪ್ಪತ್ತು ವರ್ಷದಿಂದ ಅತ್ತೆಯ ಬಾಯಲ್ಲೇ ಕೇಳಿದ್ದೆ. ಅವಳು ಸತ್ತಾಗ ಮಣ್ಣಿಗೂ ಇವರು ಹೋಗಿರಲಿಲ್ಲ.

“ಹಂಗಾರ ಅವರು ಚಲೋ ಇದ್ರೇನ್ರಿ, ಅತ್ತೀ?”

“ಹೊಡದದ್ದೂ ಖರೇ ಐತಿ, ಒಗದದ್ದೂ ಖರೇ ಐತಿ. ನನಗೂ ತಿಳೀವಲ್ದವಾ.”

ಮಕ್ಕಳ ಚಿತ್ರವೊಂದು ಎಪ್ಪತ್ತರ ಜೀವಕ್ಕೆ ಇಂಥ ಪೇಚು ತಂದದ್ದು ಒಳ್ಳೆಯದೋ ಕೆಟ್ಟದ್ದೋ, ನನಗೆ ಈಗಲೂ ಗೊತ್ತಿಲ್ಲ. ಆ ಸಂಜೆ ಅವರು ನನ್ನಿಂದ ಚಿಕ್ಕವ್ವನ ಮಗಳಿಗೆ ಫೋನ್ ಹಚ್ಚಿಸಿದರು. ಕಬ್ಬು ಕಡಿಯುವುದು ಶುರುವಾಯಿತೇ ಎಂದಷ್ಟೇ ಕೇಳಿ ಇಟ್ಟುಬಿಟ್ಟರು.