ನಾಗರತ್ನಕ್ಕನ ಎರಡೂಕಾಲು ಗ್ರಾಂ

ನಾನು ಕೆಮಿಸ್ಟ್ರಿಯಲ್ಲಿ ಫೇಲಾದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರಾದರೂ ಪುಣ್ಯಾತ್ಮರು ನಿಮ್ಮ ಕಿವಿಗೆ ಹಾಕುವುದು ಬೇಡ. ನನ್ನ ಹೆಸರು ಸಾಬೀರಾ. ನಮ್ಮ ಅಬ್ಬಾ ಗುಂಡ್ಲುಪೇಟೆಯಲ್ಲಿ ಹಾಸಿಗೆ, ದಿಂಬು ಹೊಲಿಯುತ್ತಾರೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಎರಡರಲ್ಲೂ ನನ್ನ ಬಾಯಿ ಜೋರು. ಆ ಬಾಯಿಂದ ಒಮ್ಮೆ ಒಂದು ಅನಾಹುತ ಆಯಿತು. ಅದನ್ನು ನುಂಗಿಕೊಂಡು ನನ್ನ ಕೈ ಬಿಡದೆ ಇದ್ದ ನಾಗರತ್ನಕ್ಕನ ಬಗ್ಗೆ ಹೇಳಬೇಕು ಅಂತ ಎರಡು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ.

ನಾಗರತ್ನಕ್ಕ ಚಾಮರಾಜನಗರದಲ್ಲಿ ನಮ್ಮ ಖಾಸಗಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಅಟೆಂಡರ್ ಆಗಿದ್ದರು. ಊರು ಉಮ್ಮತ್ತೂರು, ವಯಸ್ಸು ಮೂವತ್ತೆಂಟು. ಬೆಳಗಿನ ಬಸ್ಸಿಗೆ ಬಂದು ಟೆಸ್ಟ್ ಟ್ಯೂಬ್ ತೊಳೆಯುವುದು, ಬ್ಯೂರೆಟ್ ಜೋಡಿಸುವುದು, ನಾವು ಒಡೆದ ಗಾಜು ಗುಡಿಸುವುದು ಅವರ ಕೆಲಸ. ಲ್ಯಾಬ್ ಅಸಿಸ್ಟೆಂಟ್ ಅಂತ ಶಾಂತಮಲ್ಲಪ್ಪನವರು ಇದ್ದರು. ಅವರಿಗೆ ಮಂಡಿನೋವು, ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಹಾಗಾಗಿ ಒಂಬತ್ತು ವರ್ಷದಿಂದ ದ್ರಾವಣಗಳನ್ನೆಲ್ಲ ತೂಗಿ ಬೆರೆಸಿ ಇಡುತ್ತಿದ್ದವರೂ ನಾಗರತ್ನಕ್ಕನೇ.

ನಾನು ಫೇಲಾದ ವರ್ಷ ಮಾರ್ಚಿನಲ್ಲಿ ಶಾಂತಮಲ್ಲಪ್ಪನವರು ನಿವೃತ್ತರಾದರು. ಆಡಳಿತ ಮಂಡಳಿಯವರು ಅಕ್ಕನನ್ನು ಕರೆದು, ಜೂನ್ ಒಳಗೆ ಪಿಯುಸಿ ಪಾಸಾದ ಅಂಕಪಟ್ಟಿ ತಂದರೆ ಆ ಕೆಲಸ ನಿಮಗೇ, ಇಲ್ಲದಿದ್ದರೆ ಹೊರಗಿನವರನ್ನು ತೆಗೆದುಕೊಳ್ಳುತ್ತೇವೆ ಅಂದರು. ಅಕ್ಕನಿಗೆ ಇಪ್ಪತ್ತು ವರ್ಷದ ಹಿಂದೆ ಹೋಗಿದ್ದು ಒಂದೇ ಒಂದು ವಿಷಯ. ಯಾವುದು ಹೇಳಿ? ಕೆಮಿಸ್ಟ್ರಿ. ದಿನವಿಡೀ ಆ್ಯಸಿಡ್ಡಿನಲ್ಲಿ ಕೈ ಅದ್ದುವವರಿಗೆ ಕೆಮಿಸ್ಟ್ರಿಯೇ ಬಾಕಿ. ಹಣೆಬರಹ ಅಂದರೆ ಹೀಗಿರುತ್ತದೆ.

ಫೇಲಾದವರು ಅದೇ ವರ್ಷ ಮತ್ತೆ ಬರೆಯುವ ಎರಡನೇ ಪರೀಕ್ಷೆಗೆ ಮೂರು ವಾರ ಇತ್ತು. ನಾನು, ನನ್ನ ಜೊತೆಯಲ್ಲೇ ಫೇಲಾಗಿದ್ದ ಕುದೇರಿನ ಶಶಿಕುಮಾರ, ನಾಗರತ್ನಕ್ಕ, ಮೂವರೂ ಲ್ಯಾಬಿನ ಮುಂದಿನ ಜಗಲಿಯಲ್ಲಿ ಕೂತು ದಿನಕ್ಕೊಂದು ಮಾದರಿ ಪ್ರಶ್ನೆಪತ್ರಿಕೆ ಬಿಡಿಸಲು ಶುರುಮಾಡಿದೆವು. ಶಶಿ ಒಂದು ನಿಯಮ ಮಾಡಿದ್ದ. ಒಬ್ಬರು ಪ್ರಶ್ನೆ ಓದಬೇಕು, ಮೂವರೂ ಬೇರೆ ಬೇರೆ ಬರೆಯಬೇಕು. ಯಾರ ಉತ್ತರ ಬೇರೆ ಬರುತ್ತದೋ ಅವರು ಹೇಗೆ ಬಂತು ಅಂತ ಮೊದಲು ಹೇಳಬೇಕು, ಅಲ್ಲಿಯವರೆಗೆ ಉಳಿದವರು ತುಟಿ ಪಿಟಕ್ಕೆನ್ನಬಾರದು. ಒಳ್ಳೆಯ ನಿಯಮ. ಮುರಿದವಳು ನಾನು.

ನನಗೆ ಪಾಠ ಬರುತ್ತಿರಲಿಲ್ಲ ಅಂತಲ್ಲ. ಪ್ರಶ್ನೆ ಅರ್ಧ ಓದುವಷ್ಟರಲ್ಲಿ ಉತ್ತರಕ್ಕೆ ಹಾರುವ ಚಟ ನನ್ನನ್ನು ಕೆಡಿಸಿತ್ತು. ಹಾಗಾಗಿ ನನಗಿಂತ ನಿಧಾನದವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಈ ಲೆಕ್ಕ ಬಂತು: ಅರ್ಧ ಲೀಟರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಮಾಡಬೇಕು, ಅದರ ಸಾಂದ್ರತೆ ಇಷ್ಟಿರಬೇಕು, ಎಷ್ಟು ಗ್ರಾಂ ಬೇಕು? ನನ್ನದು ಎರಡು ಗ್ರಾಂ, ಶಶಿಯದೂ ಎರಡು. ಅಕ್ಕ ಎರಡೂಕಾಲು ಅಂತ ಬರೆದಿದ್ದರು. ಹಿಂದಿನ ದಿನವೂ ಇಂಥದ್ದೇ ಲೆಕ್ಕಕ್ಕೆ ಕಾಲು ಗ್ರಾಂ ಜಾಸ್ತಿ, ಅದರ ಹಿಂದಿನ ದಿನವೂ ಜಾಸ್ತಿ. ಎರಡು ಸಲವೂ ನಾನೇ ಮೈಮೇಲೆ ಬಿದ್ದು ಸೂತ್ರ ಹೇಳಿಕೊಟ್ಟಿದ್ದೆ.

ಅಕ್ಕ ಹೇಳಲು ಬಾಯಿ ತೆರೆದರು. "ಅದು ಯಾಕಂದ್ರೆ ಸಾಬೀರಾ, ಬಾಟ್ಲಿ ಒಳ್ಗೆ..."

"ಬಾಟ್ಲಿನೂ ಇಲ್ಲ, ಬುರುಡೆನೂ ಇಲ್ಲ. ಮೂರು ದಿನದಿಂದ ಹೇಳ್ತಿದೀನಿ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು" ಅಂದುಬಿಟ್ಟೆ.

ಅಕ್ಕ ಪೆನ್ನಿನ ಕ್ಯಾಪು ಹಾಕಿದರು, ಪುಸ್ತಕ ಚೀಲಕ್ಕೆ ತುಂಬಿಕೊಂಡರು, ಬಸ್ಸಿಗೆ ಟೈಮಾಯ್ತು ಅಂತ ಹೊರಟರು. ಉಮ್ಮತ್ತೂರಿನ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.

ಮಾರನೆಯ ದಿನ ಅಕ್ಕ ಕೆಲಸಕ್ಕೂ ಬರಲಿಲ್ಲ, ಓದಲೂ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಶಶಿ ಸಾಧು ಹುಡುಗ, ಅವತ್ತು ಮಾತ್ರ ಅವನಿಗೂ ತಡೆಯಲಿಲ್ಲ.

"ನೀ ಆ ಬಾಟ್ಲಿನ ಒಂದ್ಸಲನಾರ ಕಣ್ಣಲ್ಲಿ ನೋಡಿದ್ದೀಯ?" ಅಂದ. "ಮುಚ್ಚಳ ತಗ್ದು ತಗ್ದು ಗಾಳೀಲಿರೋ ನೀರ್ನೆಲ್ಲ ಕುಡ್ಕಂಡು ಆ ಹೈಡ್ರಾಕ್ಸೈಡು ಒದ್ದೆ ಆಗೋಗದೆ. ಎರಡು ಗ್ರಾಂ ತೂಗುದ್ರೆ ಅದ್ರಲ್ಲಿ ಕಾಲು ಗ್ರಾಂ ಬರೀ ನೀರೇಯ. ಅದ್ಕೇ ಅಕ್ಕ ಕಾಲು ಗ್ರಾಂ ಜಾಸ್ತಿ ಆಕದು. ಫಸ್ಟ್ ಪಿಯುಸಿ ಪ್ರಾಕ್ಟಿಕಲ್ಲಲ್ಲಿ ನಿಂದು ರೀಡಿಂಗ್ ಸರ್ಯಾಗಿ ಬಂತು ಅಂತ ಮೆರುದ್ಯಲ್ಲ, ಅದು ಯಾರ್ ಮಾಡಿಟ್ಟಿದ್ದ ದ್ರಾವಣ ಅನ್ಕಂಡೆ?"

ನನಗೆ ಮುಖಕ್ಕೆ ಹೊಡೆದಂತಾಯಿತು. ಅಕ್ಕನಿಗೆ ಸೂತ್ರ ಗೊತ್ತಿರಲಿಲ್ಲ ಅಂತಲ್ಲ. ಸೂತ್ರದಿಂದ ಎರಡು ಗ್ರಾಂ ಅಂತ ಬಂದ ಮೇಲೂ, ಒಂಬತ್ತು ವರ್ಷದ ಅಭ್ಯಾಸದಲ್ಲಿ ಕೈ ತಾನಾಗಿ ಕಾಲು ಸೇರಿಸುತ್ತಿತ್ತು. ನಮಗೆ ಪ್ರಾಕ್ಟಿಕಲ್ಲಿನಲ್ಲಿ ಅಂಕ ಕೊಡಿಸಿದ ಆ ಕಾಲು ಗ್ರಾಮೇ ಈಗ ಅವರ ಅಂಕ ಕಳೆಯುತ್ತಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಹೋದ ಮಾತಿನ ಹಿಂದೆ ನಾನೇ ಹೋಗದೆ ಬೇರೆ ದಾರಿ ಇರಲಿಲ್ಲ. ಉಮ್ಮತ್ತೂರಿನ ಬಸ್ಸು ಹತ್ತಿದೆ. ಅಕ್ಕ ಮನೆ ಮುಂದೆ ಮೊರ ಹಿಡಿದು ಹುರುಳಿ ಕೇರುತ್ತಿದ್ದರು. ನನ್ನನ್ನು ಕಂಡು ಎದ್ದು, ಮೊದಲು ಒಂದು ಚೊಂಬು ನೀರು ತಂದುಕೊಟ್ಟರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ತಪ್ಪಾಯ್ತು ಅಕ್ಕ" ಅಂದೆ. ಅಷ್ಟು ಚಿಕ್ಕ ಮಾತು ಹೇಳಲು ನನಗೆ ಯಾವತ್ತೂ ಅಷ್ಟು ಕಷ್ಟವಾಗಿರಲಿಲ್ಲ.

"ನೀ ಅಂದಿದ್ದು ಸುಳ್ಳಲ್ಲ ಕಣಮ್ಮಿ" ಅಂದರು ಅಕ್ಕ. "ನನ್ ಮಗ್ಳು ವಯಸ್ನೋಳ ಕೈಲಿ ಅನ್ನುಸ್ಕಂಡು ಈ ವಯಸ್ನಲ್ಲಿ ಓದ್ಬೇಕಾ, ಗಾಜು ತೊಳ್ಕಂಡೇ ಇದ್ಬುಡನ ಅನ್ನುಸ್ಬುಡ್ತು."

"ಅಕ್ಕ, ನಮ್ಮ ಲ್ಯಾಬಿನ ಬಾಟ್ಲಿಗೆ ನಿಮ್ಮ ಉತ್ತರನೇ ಸರಿ. ನಾನೇ ಕೇಳಿಸಿಕೊಳ್ಳಲಿಲ್ಲ. ಆದರೆ ಪ್ರಶ್ನೆಪತ್ರಿಕೆಯಲ್ಲಿರೋ ಬಾಟ್ಲಿ ಇವತ್ತೇ ಸೀಲ್ ಒಡೆದಿದ್ದು ಅಂತ ಅಂದುಕೊಳ್ಳಿ. ಒಂದು ತೊಟ್ಟು ನೀರೂ ಕುಡಿದಿಲ್ಲ."

ಅಕ್ಕ ಬೆರಳು ಮಡಿಚಿ ಲೆಕ್ಕ ಹಾಕಿದರು. "ಹೊಸಾ ಬಾಟ್ಲಿ ಆದ್ರೆ ಎರಡೇ ಗ್ರಾಂ ಸಾಕು. ಇದ್ನ ಮೊದ್ಲೇ ಹೇಳದಲ್ವೇನಮ್ಮಿ" ಅಂದು ನಕ್ಕರು. ನನಗೆ ಅಳು ಬಂತು. ಅಳುವುದು ನನಗಾಗದ ಕೆಲಸ, ನೀರು ನೆತ್ತಿಗೇರಿತು ಅಂತ ಸುಳ್ಳು ಹೇಳಿದೆ.

ಮಾರನೆಯ ದಿನದಿಂದ ಮತ್ತೆ ಮೂವರೂ ಕೂತೆವು. ಅಕ್ಕ ಪ್ರತಿ ಲೆಕ್ಕಕ್ಕೂ "ಹೊಸಾ ಬಾಟ್ಲಿ" ಅಂತ ಬಾಯಲ್ಲಿ ಅಂದುಕೊಂಡೇ ಪೆನ್ನು ಎತ್ತುತ್ತಿದ್ದರು. ಅವರ ಬಾಯಲ್ಲಿ ಪಾಠಕ್ಕೆ ಬಣ್ಣ, ವಾಸನೆ ಬರುತ್ತಿತ್ತು. ಯಾವ ದ್ರಾವಣ ಬೆರಳಿಗೆ ಕಲೆ ಮಾಡುತ್ತದೆ, ಯಾವುದರ ಹಬೆ ಕಣ್ಣು ಉರಿಸುತ್ತದೆ, ಎಲ್ಲ ಅವರಿಂದಲೇ ನಮ್ಮ ತಲೆಗೆ ಹತ್ತಿತು.

ಪರೀಕ್ಷೆ ಬರೆದೆವು. ಫಲಿತಾಂಶದ ದಿನ ಕಾಲೇಜಿನಲ್ಲೇ ಶಶಿಯ ಮೊಬೈಲಿನಲ್ಲಿ ನೋಡಿದೆವು. ಶಶಿ ಪಾಸು. ನಾಗರತ್ನಕ್ಕ ಪಾಸು, ಬೇಕಾದ್ದಕ್ಕಿಂತ ಆರು ಅಂಕ ಜಾಸ್ತಿ. ನನಗೆ ನಾಲ್ಕು ಅಂಕ ಕಡಿಮೆ. ಎರಡು ಪ್ರಶ್ನೆಗಳಲ್ಲಿ ಕೊನೆಯ ಸಾಲು ಓದದೆ ಬರೆದಿದ್ದೆ.

ಆಫೀಸಿನವರೆಲ್ಲ ಅಕ್ಕನ ಸುತ್ತ ನೆರೆದಿದ್ದರು, ಮೂರು ಗಂಟೆಗೆ ಬಂದು ಹೊಸ ಕೆಲಸದ ಆರ್ಡರ್ ತಗೊಳ್ಳಿ ಅಂತಿದ್ದರು. ನಾನು ಸದ್ದಿಲ್ಲದೆ ಬಸ್‌ಸ್ಟ್ಯಾಂಡಿಗೆ ನಡೆದು ಗುಂಡ್ಲುಪೇಟೆ ಬಸ್ಸಿನ ಮುಂದೆ ನಿಂತಿದ್ದೆ. ಹಿಂದಿನಿಂದ ಯಾರೋ ನನ್ನ ಚೀಲ ಹಿಡಿದೆಳೆದರು.

"ಎತ್ಲಾಗಮ್ಮಿ ಓಯ್ತಾ ಇದ್ದೀಯ?" ನಾಗರತ್ನಕ್ಕನಿಗೆ ಏದುಸಿರು. "ಮೂರನೇ ಪರೀಕ್ಷೆ ಅದೆ. ಪ್ರಶ್ನೆಪತ್ರಿಕೆ ತಗಿ."

"ಇವತ್ತು ಬೇಡ ಅಕ್ಕ. ನೀವು ಪಾಸಾಗಿದ್ದೀರ, ಖುಷಿಯಾಗಿರಿ. ಹೋಗಿ ಆರ್ಡರ್ ತಗೊಳ್ಳಿ."

"ಅದು ಮೂರು ಗಂಟ್ಗೆ. ನೀ ಪಾಸಾಗಗಂಟ ನಂದು ಅರ್ಧ ಪಾಸೇಯ ಕಣಮ್ಮಿ, ಕೂತ್ಕ" ಅಂದರು.

ಅಲ್ಲೇ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ನಾನು ಬೆರಳಿಟ್ಟು ಒಂದೊಂದೇ ಪದ ಗಟ್ಟಿಯಾಗಿ ಓದಬೇಕು, ಪ್ರಶ್ನೆಯ ಕೊನೆಯ ಚುಕ್ಕೆ ಬರುವವರೆಗೆ ಪೆನ್ನು ಅಕ್ಕನ ಕೈಯಲ್ಲಿ. ನಡುವೆ ಮೂರು ಗಂಟೆಗೆ ಓಡಿಹೋಗಿ ಆರ್ಡರ್ ತಂದರು. ಆಮೇಲೆ ಐದು ವಾರ, ಲ್ಯಾಬಿನ ಕೆಲಸ ಮುಗಿಸಿ ದಿನಾ ಒಂದು ಗಂಟೆ ಹೀಗೇ ಓದಿಸಿದರು.

ಮೂರನೇ ಪರೀಕ್ಷೆಯ ಫಲಿತಾಂಶ ಬಂದಾಗ ನಾನು ಗುಂಡ್ಲುಪೇಟೆಯಲ್ಲಿದ್ದೆ. ಮನೆಯಲ್ಲಿ ಅಬ್ಬಾ, ಅಮ್ಮಿಗೂ ಹೇಳುವ ಮೊದಲು ಅಕ್ಕನಿಗೆ ಫೋನ್ ಮಾಡಿ, ಪಾಸಾದೆ ಅಂದೆ. ಅತ್ತ ಕಡೆ ನಲ್ಲಿ ಸದ್ದು ನಿಂತಿತು. ಅಕ್ಕ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು: "ಇವತ್ತು ನಾನು ಪಿಯುಸಿ ಪಾಸಾದೆ ಕಣಪ್ಪ, ಪೂರ್ತಿ."