ಹಾಯಿದೋಣಿಯ ಕೋಣೆಗೆ ಗಾಳಿ

ನಾನು ಸಾವಳಗಿಯ ರೈತರ ಮಗಳು. ಗಾಳಿಯೆಂದರೆ ನಮಗೆ ಕರೆದು ಕೂರಿಸಿಕೊಳ್ಳುವ ನೆಂಟ. ನಾನು ಚಿಕ್ಕವಳಿದ್ದಾಗ ಜೋಳದ ರಾಶಿಯ ದಿನ ಅಪ್ಪ ಬುಟ್ಟಿ ಎತ್ತಿ ಹಿಡಿದು ಗಾಳಿಗಾಗಿ ಕಾಯುತ್ತ ನಿಲ್ಲುತ್ತಿದ್ದ. ಅದು ಬಂದು ಹೊಟ್ಟು ಹಾರುವವರೆಗೆ ಯಾರೂ ಊಟಕ್ಕೆ ಏಳುವಂತಿರಲಿಲ್ಲ. ಅಂಥವಳನ್ನು ಬನಹಟ್ಟಿಯ ನೇಕಾರರ ಮನೆಗೆ ಕೊಟ್ಟರು, ನೋಡಿ!

ಅಲ್ಲಿ ಗಾಳಿಯೇ ವೈರಿ. ಒಣಗಾಳಿ ಬಡಿದರೆ ಮಗ್ಗಕ್ಕೆ ಹಾಸಿದ ಎಳೆಗಳು ಪಟಪಟ ಹರಿಯುತ್ತವೆ. ಅದಕ್ಕೇ ಮಗ್ಗದ ಕೋಣೆಯ ಕಿಟಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ, ತಂಪು ಹಿಡಿದಿಡಬೇಕು. ಮದುವೆಯಾದ ಹೊಸತರಲ್ಲಿ ಸೆಕೆ ತಾಳದೆ ನಾನೊಮ್ಮೆ ಆ ಕಿಟಕಿ ತೆರೆದೆ. ನೇಯುವಾಗ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯೊಳಗಿಂದಲೇ ಮಾವನವರು ಕೂಗಿದರು.

“ಯವ್ವಾ, ಕಿಡಕಿ ಹಾಕು! ನಿಮ್ಮ ಸಾವಳಗಿ ಗಾಳಿ ಸಾವಳಗ್ಯಾಗ ಇರಲಿ. ಇಲ್ಲಿ ಎಳಿ ಹರೀತಾವು!”

ಬೈಗುಳವೇನಲ್ಲ, ನಗುತ್ತಲೇ ಹೇಳಿದ್ದು. ಆದರೂ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆ ದಿನವೆಲ್ಲ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟೆ. ಆ ಕಿಟಕಿ ಮಾತ್ರ ಮತ್ತೆ ತೆರೆಯಲಿಲ್ಲ.

ನನ್ನ ಗಂಡ ಮಗ್ಗಕ್ಕೆ ಕೂರಲಿಲ್ಲ. ಕಾರವಾರದ ಕಡೆ ದೋಣಿ ದುರಸ್ತಿ ಮಾಡುವಲ್ಲಿ ಬಡಗಿಯಾಗಿ ವರ್ಷಗಟ್ಟಲೆ ದುಡಿದು, ಊರಿಗೆ ಮರಳುವಾಗ ಒಂದು ಹಳೆಯ ಹಾಯಿದೋಣಿಯನ್ನು ಲಾರಿಗೆ ಹೇರಿಕೊಂಡು ಬಂದರು. ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ದೋಣಿ ಬರುವುದನ್ನು ಕಂಡು ಓಣಿಗೆ ಓಣಿಯೇ ನಕ್ಕಿತು.

“ಏನ್ರಿ, ಇದನ್ನ ಎಲ್ಲಿ ಬಿಡಾವ್ರು? ನಮ್ಮ ಗಟಾರದಾಗೇನು?” ಎಂದು ನಾನೇ ಎಲ್ಲರಿಗಿಂತ ಮೊದಲು ಕೇಳಿದೆ.

ಬೀಳಗಿ ಕಡೆಯ ಹಿನ್ನೀರಿನಲ್ಲಿ ಬಿಟ್ಟರು. ಅಲ್ಲಿ ಮೀನುಗಾರರ ದೋಣಿಗಳ ಪಕ್ಕ, ಡ್ರಮ್ಮುಗಳ ಮೇಲೆ ಹಲಗೆ ಬಡಿದು ಮಾಡಿದ ಕಟ್ಟೆಗೆ ನಮ್ಮದನ್ನೂ ಕಟ್ಟುತ್ತೇವೆ. ರವಿವಾರ ಬಂತೆಂದರೆ ಮಾವನವರು, ಗಂಡ, ನಾನು ಮೂವರೂ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಡುತ್ತೇವೆ. ಮೊದಲು ನಕ್ಕವಳು ಈಗ ಶನಿವಾರವೇ ಹಿಟ್ಟು ಬೀಸಿಸಿ ಇಡುತ್ತೇನೆ. ದೋಣಿಯ ಹೊಟ್ಟೆಯಲ್ಲೊಂದು ಪುಟ್ಟ ಕೋಣೆಯಿದೆ. ಒಳಗೆ ಎರಡು ಹಲಗೆ ಮಂಚ, ಹಿಂದೆ ಬಗ್ಗಿ ನುಗ್ಗುವ ಬಾಗಿಲು, ಮುಂದೆ ತಲೆಯ ಮೇಲೆ ನಮ್ಮ ಮಾಳಿಗೆ ಮನೆಗಳ ಬೆಳಕಿಂಡಿಯಂಥದೇ ಒಂದು ಕಿಂಡಿ.

ಹಳೆಯ ಹಾಯಿ ಚಿಂದಿಯಾಗಿತ್ತು. ಹೊಸದನ್ನು ಮಾವನವರೇ ನೇಯ್ದರು. ದಪ್ಪ ಹತ್ತಿನೂಲಿನ ಉದ್ದುದ್ದ ಪಟ್ಟಿಗಳು. ನಾನು ಅವುಗಳನ್ನು ಜೋಡಿಸಿ ಹೊಲಿದೆ. ಆಗಲೇ ಅವರಿಗೆ ಉಬ್ಬಸ ಹತ್ತಿತ್ತು. ಕೊನೆಯ ಪಟ್ಟಿ ಮುಗಿಯುತ್ತಿದ್ದಂತೆ ಡಾಕ್ಟರು ಇನ್ನು ಮಗ್ಗ ಸಾಕು ಎಂದುಬಿಟ್ಟರು. ಮತ್ತೆ ಆ ಮಗ್ಗಕ್ಕೆ ಹಾಸಿನ ಎಳೆ ಏರಲಿಲ್ಲ. ಅವರ ಕೈಯ ಕಟ್ಟಕಡೆಯ ಬಟ್ಟೆ ಆ ಹಾಯಿ. ಅದು ಕೆಟ್ಟರೆ ಇನ್ನೊಂದು ಇಲ್ಲ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಕೋಣೆಯ ಬೀಗದ ಕೈ ಮಾವನವರ ಹತ್ತಿರ. ಸಂಜೆ ಹೊರಡುವಾಗ ಹಾಯಿಯನ್ನು ಮಡಚಿ ಮಂಚದ ಮೇಲೆ ಮಲಗಿಸುವುದು, ಕಿಂಡಿ ಬಿಗಿಯುವುದು, ಬಾಗಿಲ ಸಂದಿಗೆಲ್ಲ ಅರಿವೆ ಚೂರು ತುರುಕುವುದು, ಎಲ್ಲ ಅವರದೇ ಕೆಲಸ. “ಹಾಂ, ಈಗ ಒಂದ್ ಹನಿ ಗಾಳಿ ಹೋಗಂಗಿಲ್ಲ,” ಎಂದು ಸಮಾಧಾನಪಡುತ್ತಿದ್ದರು. ಕಟ್ಟಿಹಾಕಿದ ದೋಣಿಗೆ ಗಾಳಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳಬೇಕು, ಇಲ್ಲದಿದ್ದರೆ ಒಳಗೆಲ್ಲ ಬೂಸರು ಹಿಡಿಯುತ್ತದೆ ಎಂದು ನನ್ನ ಗಂಡನೇ ನನಗೆ ಹೇಳಿದ್ದು. ತಮ್ಮ ಅಪ್ಪನ ಮುಂದೆ ಮಾತ್ರ ಆ ಬಾಯಿಗೆ ಬೀಗ. ನನಗೋ ಅತ್ತ ದರಿ, ಇತ್ತ ಪುಲಿ.

ಹೋದ ಮಳೆಗಾಲದಲ್ಲಿ ಜಿಟಿಜಿಟಿ ಹಿಡಿದು ಕೆಲವು ವಾರ ಹೋಗಲಾಗಲಿಲ್ಲ. ಬಿಸಿಲು ಬಿದ್ದ ಮೊದಲ ರವಿವಾರ ಹೋಗಿ ಬಾಗಿಲು ತೆಗೆದರೆ ಗಪ್ಪೆಂದು ಮುಗ್ಗಲು ವಾಸನೆ. ಗೋಡೆ ಹಲಗೆಗಳು ಬೆವೆತಿದ್ದವು. ಹಾಯಿಯನ್ನು ಬಿಚ್ಚಿದೆ. ಮಡಿಕೆಯುದ್ದಕ್ಕೂ ಕಪ್ಪು ಚುಕ್ಕೆ. ಅಯ್ಯೋ ಶಿವನೇ!

“ಅಪ್ಪಗ ತೋರಸಬ್ಯಾಡ,” ಎಂದು ಗಂಡ ಪಿಸುಗುಟ್ಟಿದರು.

“ಹಂಗಾರ ಪೂರಾ ಕೊಳೀಲೇನ್ರಿ?”

ಸಿಟ್ಟು ನೆತ್ತಿಗೇರಿತ್ತು. ಹಾಯಿಯ ತುದಿ ಹಿಡಿದುಕೊಂಡೇ ಹೊರಗೆ ಬಂದು, ಕಟ್ಟೆಯ ಮೇಲೆ ಕೂತಿದ್ದ ಮಾವನವರ ತೊಡೆಯ ಮೇಲೆ ಹಾಕಿದೆ. ಅವರು ಹೆಬ್ಬೆರಳಿನಿಂದ ಚುಕ್ಕೆಗಳನ್ನು ತಿಕ್ಕಿದರು. ಮೂಸಿ ನೋಡಿದರು. ಮುಖ ಸಣ್ಣದಾಯಿತು.

“ತಂಪಿನ್ಯಾಗ ಇಟ್ಟಿದ್ದೆನಲ್ಲ ಯವ್ವಾ… ಎಳಿ ಹರೀಬಾರದು ಅಂತ…”

ಜಗಳಕ್ಕೆ ನಿಂತವಳ ದನಿ ಅಲ್ಲೇ ಇಳಿಯಿತು. “ಈಗ ಅದು ಎಳಿ ಅಲ್ರಿ ಮಾವಾರ. ಅರಿವಿ ಆಗೈತಿ. ಮಗ್ಗದಿಂದ ಇಳದೈತ್ರಿ.”

ಮಗ್ಗದಿಂದ ಇಳಿದ ಬಟ್ಟೆಗೆ ಗಾಳಿ ಬಿಸಿಲು ಬೇಕೆಂದು ಅವರಿಗೆ ನಾನು ಹೇಳಿಕೊಡಬೇಕೇ? ಜೀವಮಾನವೆಲ್ಲ ಮಾಳಿಗೆಯ ಮೇಲೆ ಸೀರೆ ಹರವಿದವರು. ಈ ಕೊನೆಯ ಬಟ್ಟೆಯೊಂದನ್ನು ಮಾತ್ರ ಅವರ ಮನಸ್ಸು ಇನ್ನೂ ಮಗ್ಗದಿಂದ ಇಳಿಸಿರಲಿಲ್ಲ. ಅದು ಹೊಳೆದಾಗ ನಾನು ನಾಲಿಗೆ ಕಚ್ಚಿಕೊಂಡೆ.

“ಹೌದು,” ಎಂದರು ಕೊನೆಗೆ, ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು. “ಇಳದೈತಿ.” ಆಮೇಲೆ ಒಮ್ಮೆಲೇ ಗದರಿದರು: “ನನ್ನ ಮಾರಿ ಏನ್ ನೋಡ್ತೀರಿ ಇಬ್ಬರೂ? ಬಿಸಲಿಗೆ ಹಾಕ್ರಿ!”

ಹಗ್ಗ ಕಟ್ಟಿ ಹರವಿದೆವು. ಒಣಗಿದ ಮೇಲೆ ಬ್ರಶ್ಶಿನಿಂದ ಬೂಸರು ಉಜ್ಜಿ ಕೆಡವಿದೆವು. ಕಲೆ ಪೂರ್ತಿ ಹೋಗಲಿಲ್ಲ. ಮಾವನವರು ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಜಗ್ಗಿದರು, ಇನ್ನೊಮ್ಮೆ ಜಗ್ಗಿದರು. “ಗಟ್ಟಿ ಐತಿ,” ಎಂದರು. ಆ ಒಂದು ಮಾತು ಕೇಳಿ ನಾನು ಅಲ್ಲೇ ಕೂತು ತಂಬಿಗೆ ನೀರು ಗಟಗಟ ಕುಡಿದೆ.

ಅಪ್ಪನೇ ಒಪ್ಪಿದ ಮೇಲೆ ಗಂಡನ ಬಾಯಿಯ ಬೀಗ ತಾನೇ ಕಳಚಿತು. ಮುಂದಿನ ಕಿಂಡಿಗೆ ಮೋಟು ಕಟ್ಟಿಗೆ ಕೊಟ್ಟು ತುಸು ಎತ್ತಿ ನಿಲ್ಲಿಸಿದರು. ಆಮೇಲಿನ ವಾರ ಹಿಂದಿನ ಬಾಗಿಲಿಗೆ ಪಟ್ಟಿ ಪಟ್ಟಿಯಾಗಿ ಸಂದಿ ಬಿಟ್ಟ ಹೊಸ ಕದ ಮಾಡಿದರು, ಮಳೆ ಬಡಿದರೂ ನೀರು ಒಳಗೆ ಬರದಂತೆ. ಗಾದಿಗಳನ್ನು ಈಗ ಗೋಡೆಗೆ ಒರಗಿಸಿ ನಿಲ್ಲಿಸುತ್ತೇವೆ, ಮಂಚದ ಕೆಳಗಿನ ಪೆಟ್ಟಿಗೆಗಳ ಬಾಯಿ ತೆರೆದೇ ಇಡುತ್ತೇವೆ. ನಾವು ಅಲ್ಲಿರುವಷ್ಟು ಹೊತ್ತು ಕಿಂಡಿಯ ಮೇಲೆ ನನ್ನ ಹಳೆಯ ಸೀರೆಯಿಂದ ಹೊಲಿದ ತಳವಿಲ್ಲದ ಚೀಲವೊಂದನ್ನು ಗಾಳಿಗೆ ಬಾಯಿ ಮಾಡಿ ಕಟ್ಟುತ್ತೇನೆ. ಅದು ಉಬ್ಬಿ, ಕೋಣೆಯೊಳಕ್ಕೆ ಗಾಳಿ ಸುರಿಯುತ್ತದೆ. ಗಾಳಿ ಬಂದಾಗ ತೂರಿಕೋ ಎನ್ನುವ ಗಾದೆಯನ್ನು ರಾಶಿ ಮಾಡುವವರ ಮಗಳಿಗೆ ಯಾರೂ ಕಲಿಸಬೇಕಿಲ್ಲ.

ಹಾಯಿ ಒಣಗಿಸಿದ ಆ ಸಂಜೆ ಹೊರಡುವಾಗ ಮಾವನವರು ಅಭ್ಯಾಸದಂತೆ ಅರಿವೆ ಚೂರುಗಳನ್ನು ಕೈಗೆತ್ತಿಕೊಂಡರು. ಒಂದು ಗಳಿಗೆ ನಿಂತು, ಹಾಗೇ ಕಿಸೆಗೆ ಹಾಕಿಕೊಂಡರು. ದಾರಿಯುದ್ದಕ್ಕೂ ಆ ಕಿಸೆಯ ಮೇಲೆ ಕೈಯಿಟ್ಟುಕೊಂಡೇ ಬಂದರು. ನಾನು ಬಾಯಿಬಡಕಿ, ಮನಸ್ಸು ನೋಯಿಸಿದೆನೇನೋ ಎಂದು ಒಳಗೊಳಗೇ ಕೊರಗುತ್ತ ಬಂದೆ.

ಮರುದಿನ ಬೆಳಿಗ್ಗೆ ಚಹಾ ತೆಗೆದುಕೊಂಡು ಹುಡುಕಿದರೆ ಅವರು ಪಡಸಾಲೆಯಲ್ಲಿರಲಿಲ್ಲ. ಮಗ್ಗ ನಿಂತಮೇಲೂ ಮುಚ್ಚಿಯೇ ಇದ್ದ ಆ ಕೋಣೆಯಲ್ಲಿದ್ದರು. ಕುಣಿಯ ಅಂಚಿಗೆ ಕೂತು, ಬರಿದಾದ ಮಗ್ಗದ ಮರಕ್ಕೆ ಕೈಯಿಟ್ಟಿದ್ದರು. ಕಿಟಕಿ ಎರಡೂ ಕದ ತೆರೆದು ನಿಂತಿತ್ತು.

“ಬಾ ಯವ್ವಾ, ಕುಂಡರು,” ಎಂದರು. “ನಿಮ್ಮ ಸಾವಳಗಿ ಗಾಳಿ ಬಂದೈತಿ.”