ನಿಯಮ ಮುರಿದ ಲೆಕ್ಕದ ಪುಸ್ತಕ

ದೇಶವಿದೇಶಗಳಲ್ಲಿ ಕೊನೆಗಾಲದ ರೋಗಿಗಳ ಆರೈಕೆ ಕೇಂದ್ರಗಳು ನಿಯಮ ಪಾಲಿಸುತ್ತವೆಯೇ ಎಂದು ಪರಿಶೀಲಿಸುವುದು ನನ್ನ ಕೆಲಸ. ಹಿರಿಯಡ್ಕದ ಹತ್ತಿರದ ಒಂದು ಕೇಂದ್ರದಲ್ಲಿ, ಕಾಪುವಿನ ಮೀನುಗಾರರೊಬ್ಬರು ಮನೆಯಿಂದ ಹೆಂಡತಿ ತಂದ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಯನ್ನು ಹಾಸಿಗೆಯಲ್ಲೇ ಕುಳಿತು ಚಪ್ಪರಿಸುತ್ತಿದ್ದರು.

“ಹೊರಗಿನ ಊಟ ತರಬಾರದೆಂದು ನಿಮ್ಮದೇ ನಿಯಮ ಉಂಟಲ್ಲ ಸಿಸ್ಟರ್? ನಾನು ಬರೆದರೆ ಮಾನ್ಯತೆ ಹೋದೀತು,” ಎಂದೆ.

“ನಾನು ಆಗಲೇ ಬರೆದಾಗಿದೆ ಮೇಡಂ,” ಎಂದು ಕೇಂದ್ರದ ಮುಖ್ಯಸ್ಥೆಯಾದ ಆ ಸಿಸ್ಟರ್ ಪುಸ್ತಕವೊಂದನ್ನು ಚಾಚಿದರು. ಯಾವ ನಿಯಮ ಮುರಿದದ್ದು, ಯಾರಿಗಾಗಿ, ಏಕೆ. ಕೆಳಗೆ ಅವರದೇ ಸಹಿ. “ನಮ್ಮ ಕೇಂದ್ರದ ಸಮಿತಿಯವರು ಇದನ್ನು ಪ್ರತಿ ತಿಂಗಳು ಓದುತ್ತಾರೆ. ಒಂದೇ ನಿಯಮ ಮೂರು ಸಲ ಮುರಿದರೆ ಅದನ್ನೇ ತಿದ್ದುತ್ತಾರೆ. ಅಲ್ಲಿವರೆಗೆ ಕಾಯಲಿಕ್ಕೆ ಇವರಿಗೆ ಪುರುಸೊತ್ತು ಇಲ್ಲ, ಅಲ್ವಾ?”

ಎಷ್ಟೋ ದೇಶಗಳಲ್ಲಿ ಒಂದು ನಿಯಮವನ್ನೂ ಮುರಿಯದ ಕೇಂದ್ರಗಳನ್ನು ನನಗೆ ತೋರಿಸಿದ್ದಾರೆ. ನಾನು ನಂಬಿದ್ದು ಇದೊಂದನ್ನೇ. ಮಾನ್ಯತೆ ಮುಂದುವರಿಸಲು ಶಿಫಾರಸು ಮಾಡಿ, ಕಾರಣವನ್ನು ನಮೂನೆಯ ಅಂಚಿನಲ್ಲಿ ಬರೆದೆ. ಅಂಚಿನಲ್ಲಿ ಬರೆಯಬಾರದೆಂದು ನಮ್ಮ ಕಚೇರಿಯಲ್ಲೂ ಒಂದು ನಿಯಮ ಉಂಟು.